ಮಾಳಿಗೆ ಮನೆ: ಉಳಿಸುವುದೋ, ಬಿಚ್ಚುವುದೋ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ಮನೆ ಬಿಚ್ಚುವ ಕೆಲಸ ಸಾಮಾನ್ಯವಾಗಿ ಬೇಸಿಗೆಯಲ್ಲೇ ನಡೆಯುತ್ತದೆ. ಆಗ ರಾಶಿ ಮುಗಿದಿರುತ್ತದೆ, ತೊಗರಿ ಮಾರಿದ ದುಡ್ಡು ಕೈಯಲ್ಲಿರುತ್ತದೆ, ಮಳೆಗೆ ಇನ್ನೂ ದಿನಗಳಿರುತ್ತವೆ. ಮೊದಲು ಮಾಳಿಗೆಯ ಮಣ್ಣನ್ನು ಕೆಳಗೆ ಸುರಿಯುತ್ತಾರೆ. ಆಮೇಲೆ ಜಂತಿ ಇಳಿಯುತ್ತದೆ, ತೊಲೆ ಇಳಿಯುತ್ತದೆ, ಕೊನೆಗೆ ಕಂಬ ಇಳಿಯುತ್ತದೆ. ಕಲ್ಲು ಹೊಸ ಮನೆಯ ಬುನಾದಿಗೆ ಹೋಗುತ್ತದೆ. ಗಟ್ಟಿಯಿದ್ದ ಕಟ್ಟಿಗೆ ಹಳೆಯ ಮರದ ವ್ಯಾಪಾರಿಯ ಪಾಲಾಗುತ್ತದೆ, ಗೆದ್ದಲು ತಿಂದದ್ದು ಒಲೆಗೆ ಹೋಗುತ್ತದೆ. ಎರಡು ಮೂರು ತಲೆಮಾರು ಬಾಳಿದ ಮನೆ ಕೆಲವೇ ದಿನಗಳಲ್ಲಿ ಬಯಲಾಗುತ್ತದೆ.

ಇದನ್ನು ಕಂಡು ಮರುಗುವವರಿದ್ದಾರೆ, ನೆಮ್ಮದಿಯ ನಿಟ್ಟುಸಿರು ಬಿಡುವವರೂ ಇದ್ದಾರೆ. ಇಬ್ಬರೂ ಒಂದೇ ಊರಿನವರು, ಎಷ್ಟೋ ಕಡೆ ಒಂದೇ ಮನೆಯವರು. ಅಪ್ಪನಿಗೆ ಮಾಳಿಗೆ ಬೇಕು, ಮಗನಿಗೆ ಸ್ಲ್ಯಾಬ್ ಬೇಕು. ಅತ್ತೆಗೆ ಪಡಸಾಲೆ ಬೇಕು, ಸೊಸೆಗೆ ಸೋರದ ಅಡುಗೆಮನೆ ಬೇಕು. ಹಳೆಯದರ ಮೋಹ, ಹೊಸದರ ಹುಚ್ಚು ಎಂದು ಈ ಜಗಳವನ್ನು ತಳ್ಳಿಹಾಕುವುದು ಸುಲಭ. ಆದರೆ ಎರಡೂ ಕಡೆ ತೂಕದ ಕಾರಣಗಳಿವೆ, ಒಂದೊಂದಾಗಿ ನೋಡಬೇಕಾದಂಥವು.

ಈ ಮನೆ ಹೇಗೆ ನಿಂತಿದೆ ಎಂಬುದನ್ನು ಮೊದಲು ನೋಡೋಣ. ನೆಲದಲ್ಲಿ ಅಡಿಗಲ್ಲು. ಅದರ ಮೇಲೆ ಸಾಗವಾನಿಯದೋ ಬೇವಿನದೋ ಕರಿಜಾಲಿಯದೋ ಕಂಬ. ಕಂಬದ ನೆತ್ತಿಗೆ ಬೋದಿಗೆ, ಎರಡೂ ಕಡೆ ಕೈ ಚಾಚಿ ತೊಲೆಯನ್ನು ಹೊರುವ ಅಡ್ಡ ಮರ. ಉಳ್ಳವರ ಮನೆಯಲ್ಲಿ ಬೋದಿಗೆಗೆ ಬಳ್ಳಿ, ಹೂವು, ಗಿಳಿಯ ಕೆತ್ತನೆ ಇರುತ್ತದೆ, ಬಡವರ ಮನೆಯಲ್ಲಿ ಅದು ಬರೀ ಚೌಕದ ತುಂಡು. ತೊಲೆಯ ಮೇಲೆ ಒಂದು ಗೇಣು, ಒಂದೂವರೆ ಗೇಣಿಗೆ ಒಂದರಂತೆ ಜಂತಿ. ಜಂತಿಯ ಮೇಲೆ ಹಲಗೆ ಇಲ್ಲವೇ ಸೀಳಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲಕ್ಕಿಂತ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಮಾಳಿಗೆಗೆ ಸವಳು ಮಣ್ಣೇ ಆಗಬೇಕು. ನೀರು ತಾಕಿದೊಡನೆ ಅದರ ಸಣ್ಣ ಕಣಗಳು ಬಿಡಿಸಿಕೊಂಡು ಸಂದಿಗಳನ್ನು ಮುಚ್ಚುತ್ತವೆ, ಹಾಗಾಗಿ ನೀರು ಕೆಳಗಿಳಿಯದೆ ಹರನಾಳಿಗೆಯತ್ತ ಹರಿಯುತ್ತದೆ. ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ, ಮರಾಠಿ ಗಡಿಯ ಕಡೆ ಅದೇ ಖಣ. ಮನೆಯ ದೊಡ್ಡಸ್ತಿಕೆಯನ್ನು ಅಂಕಣದ ಲೆಕ್ಕದಲ್ಲೇ ಹೇಳುತ್ತಾರೆ. ಮುಂದಿನ ಅಂಕಣದಲ್ಲಿ ದನ, ಗೋದಲಿ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ನಡುಮನೆ, ದೇವರ ಕೋಣೆ, ಅಡುಗೆಮನೆ. ನಡುವೆ ಮಾಳಿಗೆಯಲ್ಲೊಂದು ಬೆಳಕಿಂಡಿ.

ಸುತ್ತಲಿನ ಗೋಡೆ ಎರಡಡಿಗೂ ದಪ್ಪ. ಹೊರಮೈಗೊಂದು ಸಾಲು ಕಲ್ಲು, ಒಳಮೈಗೊಂದು ಸಾಲು ಕಲ್ಲು, ನಡುವೆ ಚೂರು ಕಲ್ಲು ಮತ್ತು ಕೆಸರು. ಆಳಂದ, ಅಫಜಲಪುರದ ನೆಲ ಹೆಚ್ಚಾಗಿ ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನದು. ಗುಂಡಗೆ ಸಿಗುವ ಆ ಕಲ್ಲು ಒಂದರ ಮೇಲೊಂದು ಕೂರಲು ಒಲ್ಲದು. ಜೇವರ್ಗಿಯ ಕಡೆ ಭೀಮಾ ಕಣಿವೆಯ ಸುಣ್ಣದ ಕಲ್ಲು ಸಿಗುತ್ತದೆ. ಅದು ಪದರಪದರವಾಗಿ ಏಳುತ್ತದೆ, ಚಪ್ಪಟೆಯಾಗಿ ಕೂರುತ್ತದೆ. ಶಹಾಬಾದ್ ಫರಸಿ ಎಂದು ದೇಶವೆಲ್ಲ ಬಲ್ಲ ಕಲ್ಲು ಇದರದೇ ಬಳಗ. ಮೂರು ತಾಲ್ಲೂಕುಗಳ ಮನೆಗಳು ದೂರದಿಂದ ಒಂದೇ ಥರ ಕಂಡರೂ ಗೋಡೆಯ ಗುಣ ಒಂದೇ ಅಲ್ಲ.

ಇಲ್ಲಿ ಒಂದು ಭೇದವನ್ನು ಗುರುತಿಸಿಕೊಳ್ಳಬೇಕು, ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ಕೆಲವು ಮನೆಗಳಲ್ಲಿ ಗೋಡೆಯ ಒಳಮೈಗೂ ಕಂಬಗಳಿವೆ, ಮಾಳಿಗೆಯ ಭಾರವೆಲ್ಲ ಕಂಬದ ಮೇಲೆ. ಗೋಡೆ ಬರೀ ಮರೆ. ಇನ್ನು ಕೆಲವು ಮನೆಗಳಲ್ಲಿ ಕಂಬ ನಡುವೆ ಮಾತ್ರ ಇದೆ, ಅಥವಾ ಎಲ್ಲೂ ಇಲ್ಲ. ತೊಲೆ, ಜಂತಿಗಳ ತುದಿ ನೇರವಾಗಿ ಕೆಸರು ಕಲ್ಲಿನ ಗೋಡೆಯ ಮೇಲೆ ಕೂತಿದೆ. ಹೊರಗಿನಿಂದ ಎರಡೂ ಮಾಳಿಗೆ ಮನೆಯೇ. ಭಾರ ಹೊರುವ ರೀತಿಯಲ್ಲಿ ಮಾತ್ರ ಅಜಗಜಾಂತರ.

ಉಳಿಸಬೇಕೆನ್ನುವವರ ಮೊದಲ ಕಾರಣ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 40 ಡಿಗ್ರಿ ದಾಟಿಯೇ ಇರುತ್ತದೆ. ಒಂದಡಿ ಮಣ್ಣಿನ ಮಾಳಿಗೆಯ ಕೆಳಗೆ ನಡುಹಗಲಲ್ಲೂ ಮಲಗಬಹುದು, ಕಾವು ಒಳಗಿಳಿಯುವ ಹೊತ್ತಿಗೆ ರಾತ್ರಿಯ ಗಾಳಿ ಬೀಸಲು ಶುರುವಾಗಿರುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಒಳಕ್ಕೆ ಬಿಡುತ್ತದೆ. ತಗಡಿನ ಮನೆಯ ಮಾತೇ ಬೇಡ. ಕರೆಂಟು ಕೈಕೊಟ್ಟ ದಿನ ಮಾಳಿಗೆಯ ಬೆಲೆ ತಿಳಿಯುತ್ತದೆ ಎಂದು ಮುದುಕರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ತಂಪಾದ ಚಾವಣಿಯನ್ನು ಕೈಯಾರೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಎರಡನೆಯ ಕಾರಣ ಕಟ್ಟಿಗೆ. ಈ ಮೂರು ತಾಲ್ಲೂಕುಗಳು ಕಪ್ಪು ನೆಲದ ಬಯಲು, ಸಾಗವಾನಿಯ ಕಾಡು ಇಲ್ಲಿಲ್ಲ. ಅಂಥ ಮರ ಹೊರಗಿನಿಂದ ಗಾಡಿಯ ಮೇಲೆ ಬಂದದ್ದು. ಒಂದು ಮನೆ ಬಿದ್ದರೆ ಅದರ ಕಂಬ ಇನ್ನೊಂದು ಮನೆಗೆ ಹೋಗುತ್ತಿತ್ತು. ಎಷ್ಟೋ ತೊಲೆಗಳಲ್ಲಿ ಈಗಿನ ಜೋಡಣೆಗೆ ಸಂಬಂಧವಿಲ್ಲದ ಹಳೆಯ ಕಚ್ಚುಗಳು ಕಾಣುತ್ತವೆ, ಹಿಂದಿನ ಮನೆಯಲ್ಲಿ ಅವು ಬೇರೆ ಕೆಲಸ ಮಾಡಿದ್ದವು. ಇಂಥ ಮರ ಇನ್ನೊಮ್ಮೆ ಸಿಗುವುದಿಲ್ಲ. ಇವತ್ತು ಕೆತ್ತನೆಯ ಕಂಬ, ಬಾಗಿಲ ಚೌಕಟ್ಟುಗಳು ದೂರದ ಶಹರಗಳ ಹೋಟೆಲು, ರೆಸಾರ್ಟುಗಳ ಅಲಂಕಾರಕ್ಕೆ ಹೋಗುತ್ತಿವೆ. ಮಾರಿದ ರೈತನಿಗೆ ಸಿಗುವುದು ಕಟ್ಟಿಗೆಯ ಬೆಲೆ, ಕೆಲಸದ ಬೆಲೆಯಲ್ಲ.

ಮೂರನೆಯದು ಕಸುಬು. ಬೋದಿಗೆ ಕೂರಿಸುವ, ತೊಲೆಯ ತಲೆ ಕಚ್ಚು ಹಾಕುವ ಬಡಿಗೇರರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಈ ನಾಡಿನಲ್ಲಿ ಆ ಕೈಚಳಕಕ್ಕೆ ದೊಡ್ಡ ಹಿನ್ನೆಲೆಯಿದೆ. ಬೀದರ ಕೋಟೆಯ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳನ್ನು ಕಂಡವರಿಗೆ ಹಳ್ಳಿಯ ವಾಡೆಯ ಬೋದಿಗೆ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಹದಿನಾರನೆಯ ಶತಮಾನದ ಬರೀದಶಾಹಿ ಅರಸರ ಮಹಲಿಗೂ ರೈತನ ಪಡಸಾಲೆಗೂ ನಡುವೆ ಸಿರಿತನದ ಅಂತರವಿದೆ, ವಿದ್ಯೆ ಒಂದೇ.

ಈಗ ಬಿಚ್ಚಬೇಕೆನ್ನುವವರ ಮಾತು ಕೇಳೋಣ. ಅವರ ಮೊದಲ ಕಾರಣ ಸಾವು. ಒಂದು ವಾರ ಜಡಿಮಳೆ ಹಿಡಿದರೆ ಈ ಸೀಮೆಯಲ್ಲಿ ಎಲ್ಲಾದರೊಂದು ಮಾಳಿಗೆ ಕುಸಿಯುತ್ತದೆ, ಮಲಗಿದವರು ಮಣ್ಣಿನಡಿ ಸಿಲುಕುತ್ತಾರೆ. ಮಣ್ಣಿನ ತೂಕವನ್ನು ಲೆಕ್ಕ ಹಾಕಿ ನೋಡಿದರೆ ಭಯವಾಗುತ್ತದೆ. ಒಂದಡಿ ದಪ್ಪದ ಒಣ ಮಣ್ಣು ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 500 ಕಿಲೋ ತೂಗುತ್ತದೆ. ಹತ್ತಡಿಗೆ ಹತ್ತಡಿಯ ಕೋಣೆಯೆಂದರೆ ನಾಲ್ಕೂವರೆ ಟನ್ನು. ಐದಿಂಚಿನ ಕಾಂಕ್ರೀಟ್ ಸ್ಲ್ಯಾಬಿಗಿಂತಲೂ ಇದು ಭಾರ. ಮಳೆ ಕುಡಿದ ಮೇಲೆ ಇನ್ನೂ ಭಾರ.

ಈ ಭಾರ ನಿಂತಲ್ಲಿ ನಿಲ್ಲುವುದೂ ಇಲ್ಲ. ಮಾಳಿಗೆಯ ಮೇಲೆ ಹುಲ್ಲು ಬೆಳೆಯುತ್ತದೆ, ಕಿತ್ತರೆ ಬೇರಿನ ತೂತು ಉಳಿಯುತ್ತದೆ. ಇಲಿ ಬಿಲ ತೋಡುತ್ತದೆ. ಬಿಸಿಲಿಗೆ ಬಿರುಕು ಬಿಡುತ್ತದೆ. ರೋಹಿಣಿ ಮಳೆ ಬೀಳುವ ಮುಂಚೆ ಇವನ್ನೆಲ್ಲ ಮುಚ್ಚಬೇಕು. ಮುಚ್ಚುವುದೆಂದರೆ ನಾಲ್ಕು ಬುಟ್ಟಿ ಹೊಸ ಮಣ್ಣು ಹಾಕಿ ತುಳಿಯುವುದು. ನಡುರಾತ್ರಿ ಸೋರಿದರೆ ಮನೆಯ ಗಂಡಸು ಬ್ಯಾಟರಿ ಹಿಡಿದು ಮೇಲೆ ಹತ್ತಿ ಮತ್ತೆರಡು ಬುಟ್ಟಿ ಸುರಿದು ಬರುತ್ತಾನೆ. ಹಳೆಯ ಮಣ್ಣು ತೆಗೆದು ಹೊಸದು ಹಾಕುವ ಪದ್ಧತಿ ಆಳುಗಳ ಕೂಲಿ ಏರಿದಂತೆ ತಪ್ಪಿಹೋಯಿತು. ಹೀಗೆ ಒಂದಡಿ ಇದ್ದದ್ದು ಇಪ್ಪತ್ತು ಮೂವತ್ತು ಮಳೆಗಾಲ ಕಳೆಯುವುದರೊಳಗೆ ಎರಡಡಿಯಾಗುತ್ತದೆ. ಕೆಳಗಿನ ತೊಲೆಯ ಬಲ ಮಾತ್ರ ಅಷ್ಟರಲ್ಲಿ ಕುಗ್ಗಿರುತ್ತದೆ. ಸೋರಿಕೆ ನಿಲ್ಲಿಸಲು ಮಾಡಿದ ಕೆಲಸವೇ ಮನೆಯನ್ನು ಬೀಳಿಸುವ ಕಾರಣವಾಗುತ್ತದೆ.

ಎರಡನೆಯದು ದುಡಿಮೆ. ಈ ಮನೆಯನ್ನು ಬದುಕಿಸಿದ್ದು ಹೆಂಗಸರ ರಟ್ಟೆ. ಗೋಡೆ ಮೆತ್ತುವುದು, ನೆಲ ಸಾರಿಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಜಂತಿಯ ಸಂದಿಯಿಂದ ಉದುರುವ ಮಣ್ಣನ್ನು ದಿನವೂ ಗುಡಿಸುವುದು. ಚೇಳು, ಹಾವು, ಇಲಿಗಳ ಜೊತೆ ಮಕ್ಕಳನ್ನು ಮಲಗಿಸುವುದು. ಬೆಳಕಿಂಡಿಯೊಂದನ್ನು ಬಿಟ್ಟರೆ ಒಳಮನೆಗೆ ಬೆಳಕಿಲ್ಲ, ಒಲೆಯ ಹೊಗೆ ಹೋಗಲು ದಾರಿಯಿಲ್ಲ. ಹೊಸ ಮನೆ ಬೇಕೆಂದು ಮೊದಲು ಬಾಯಿ ಬಿಡುವವರು ಹೆಚ್ಚಾಗಿ ಹೆಂಗಸರೇ ಆಗಿರುವುದಕ್ಕೆ ಕಾರಣ ಇದು. ಹಳೆಯ ಮನೆಯ ಚೆಲುವನ್ನು ಹೊಗಳುವವರು ಆ ಮನೆಯಲ್ಲಿ ಒಂದು ಮಳೆಗಾಲ ಅಡುಗೆ ಮಾಡಿ ನೋಡಲಿ ಎಂಬ ಅವರ ಮಾತಿಗೆ ಉತ್ತರವಿಲ್ಲ.

ಮೂರನೆಯದು ಮಾನದ ಪ್ರಶ್ನೆ. ಊರಿನ ದೊಡ್ಡ ವಾಡೆಗಳು ಗೌಡರವು, ದೇಶಮುಖರವು, ಜಾಗೀರದಾರರವು. ನಿಜಾಮನ ಕಾಲದ ಆಳ್ವಿಕೆಯ ಮುಖ ಹಳ್ಳಿಗೆ ಕಂಡದ್ದು ಈ ವಾಡೆಗಳ ತಲೆಬಾಗಿಲಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1949ರಲ್ಲಿ ಜಾಗೀರುಗಳು ರದ್ದಾದವು, 1974ರ ಭೂಸುಧಾರಣೆ ಗೇಣಿ ಭೂಮಿಯನ್ನು ಉಳುವವನ ಕೈಗೆ ಕೊಟ್ಟಿತು. ವಾಡೆಯನ್ನು ಸಾಕುತ್ತಿದ್ದ ಆದಾಯ ಹೋಯಿತು, ಬಿಟ್ಟಿ ದುಡಿಮೆ ನಿಂತಿತು, ಒಟ್ಟು ಕುಟುಂಬ ಪಾಲಾಯಿತು. ಪಡಸಾಲೆಯ ಕಟ್ಟೆ ಹತ್ತಲು ಬಿಡದಿದ್ದ ಮನೆಯನ್ನು ನಮ್ಮೆಲ್ಲರ ಪರಂಪರೆ ಎಂದು ಕಾಪಾಡಿರಿ ಎಂದರೆ, ಹೊರಗೆ ನಿಂತವರ ಮಕ್ಕಳು ಅದನ್ನು ಹೇಗೆ ಒಪ್ಪಬೇಕು? ಅವರ ಅಜ್ಜಂದಿರು ಕಲ್ಲು ಹೊತ್ತು ಕಟ್ಟಿದ ವಾಡೆ ನಿಂತಿದೆ, ಅವರು ಬಾಳಿದ ಗುಡಿಸಲಿನ ಗುರುತೂ ಉಳಿದಿಲ್ಲ. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಮನೆ ಅವರಿಗೆ ಬರೀ ಸೌಕರ್ಯವಲ್ಲ, ಸರೀಕರ ಸಾಲಿನಲ್ಲಿ ನಿಂತ ಗುರುತು. ಪರಂಪರೆಯ ಮಾತಾಡುವವರು ಈ ಮಾತನ್ನು ತಲೆತಗ್ಗಿಸಿ ಕೇಳಬೇಕು.

ಇದಕ್ಕೆ ಉಳಿಸುವವರ ಕಡೆಯಿಂದ ಒಂದು ಉತ್ತರವಿದೆ. ಮಾಳಿಗೆ ಮನೆಯೆಂದರೆ ವಾಡೆ ಮಾತ್ರವಲ್ಲ. ಮೂರು ಅಂಕಣದ ಒಕ್ಕಲಿಗನ ಮನೆ, ನೇಕಾರನ ಮನೆ, ಮಠದ ಪಡಸಾಲೆ, ದರ್ಗಾದ ಮುಂದಿನ ಮುಸಾಫಿರಖಾನೆ, ಊರ ಚಾವಡಿ ಎಲ್ಲದರ ಕಟ್ಟಡ ವಿದ್ಯೆ ಒಂದೇ. ಗಾಣಗಾಪುರದ ದತ್ತನ ಸನ್ನಿಧಿಗೂ ಆಳಂದದ ಲಾಡ್ಲೆ ಮಶಾಯಿಖರ ದರ್ಗಾಕ್ಕೂ ನಡೆದು ಬಂದವರು ತಂಗಿದ್ದು ಇಂಥ ಕಂಬಸಾಲೆಗಳಲ್ಲೇ. ಶರಣಬಸವೇಶ್ವರರು ಹುಟ್ಟಿದ ಜೇವರ್ಗಿ ಸೀಮೆಯ ಅರಳಗುಂಡಗಿಯಂಥ ಊರುಗಳಲ್ಲಿ ದಾಸೋಹದ ಪಂಕ್ತಿ ಕೂತದ್ದು ಇಂಥದೇ ಮಾಳಿಗೆಯ ನೆರಳಲ್ಲಿ. ವಾಡೆಯ ಮೇಲಿನ ಸಿಟ್ಟಿಗೆ ಈ ಬಡ ಮನೆಗಳೂ ಬಲಿಯಾಗಬೇಕಾಗಿಲ್ಲ ಎನ್ನುವುದು ಆ ಉತ್ತರ. ಅದರಲ್ಲೂ ಹುರುಳಿದೆ.

ವಾದಗಳು ಸರಿಸಮವಾಗಿ ನಿಂತಾಗ ಸಾಕ್ಷಿ ಬೇಕು. ನಮ್ಮ ಪಕ್ಕದಲ್ಲೇ, ಆಳಂದದಿಂದ ಉತ್ತರಕ್ಕೆ ನೇರ ಗೆರೆಯಲ್ಲಿ ಸುಮಾರು 55 ಕಿಲೋಮೀಟರ್ ದೂರದ ಕಿಲ್ಲಾರಿಯಲ್ಲಿ ಅಂಥ ಘೋರ ಸಾಕ್ಷಿಯಿದೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದ ಹೊತ್ತಿನಲ್ಲಿ, 6.2 ತೀವ್ರತೆಯ ಭೂಕಂಪ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳನ್ನು ಅಲ್ಲಾಡಿಸಿತು. ಸತ್ತವರು ಎಂಟು ಸಾವಿರದಿಂದ ಹತ್ತು ಸಾವಿರ. ಅಲ್ಲಿಯವರೆಗೆ ಆ ಸೀಮೆಯನ್ನು ಭೂಕಂಪದ ಭಯ ಅತಿ ಕಡಿಮೆ ಇರುವ ಒಂದನೆಯ ವಲಯದಲ್ಲಿ ಇಟ್ಟಿದ್ದರು. 2002ರಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿ ಲಾತೂರನ್ನು ಮೂರನೆಯ ವಲಯಕ್ಕೆ ಸೇರಿಸಿದರು. ಆಮೇಲೆ 2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲ ಮತ್ತೆ ಮತ್ತೆ ನಡುಗಿ ಜನ ಮನೆಯ ಹೊರಗೆ ಮಲಗಿದ್ದನ್ನು ಮರೆಯುವಂತಿಲ್ಲ.

ಕಿಲ್ಲಾರಿಯಲ್ಲಿ ಕೊಂದದ್ದು ನಮ್ಮಂಥದೇ ಮನೆ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಒಂದರಿಂದ ಎರಡೂವರೆ ಅಡಿಯವರೆಗೆ ಏರಿದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ, ಹೊರಮೈ ಎರಡೂ ಬೇರೆಯಾಗಿ ಸಿಡಿದವು, ಮಾಳಿಗೆ ನೇರ ಕೆಳಗೆ ಕೂತಿತು. ಬಿಚ್ಚಬೇಕೆನ್ನುವವರ ವಾದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ. ಆದರೆ ಅದೇ ಊರುಗಳಲ್ಲಿ ಪರಿಶೀಲನೆ ಮಾಡಿದ ಎಂಜಿನಿಯರುಗಳು ಇನ್ನೊಂದನ್ನೂ ಬರೆದಿಟ್ಟರು. ಮಾಳಿಗೆಯನ್ನು ಗೋಡೆಯ ಬದಲು ಮರದ ಕಂಬಗಳು ಹೊತ್ತಿದ್ದ ಖಣದ ಮನೆಗಳಲ್ಲಿ ಗೋಡೆ ಹೊರಕ್ಕೆ ಬಿದ್ದರೂ ಕಂಬ, ತೊಲೆ, ಮಾಳಿಗೆ ಎಷ್ಟೋ ಕಡೆ ನಿಂತೇ ಇದ್ದವು. ಕೆಳಗೆ ಮಲಗಿದವರು ಬದುಕಿದರು. ಒಂದೇ ಬೀದಿಯ ಎರಡು ಮಾಳಿಗೆ ಮನೆಗಳಲ್ಲಿ ಒಂದು ಗೋರಿಯಾಯಿತು, ಇನ್ನೊಂದು ಪ್ರಾಣ ಕಾಪಾಡಿತು.

ಮರದ ಚೌಕಟ್ಟಿನ ಈ ಗುಣ ನಮ್ಮ ನೆಲಕ್ಕಷ್ಟೇ ಸೇರಿದ್ದಲ್ಲ. 2005ರ ಅಕ್ಟೋಬರ್ 8ರ ಕಾಶ್ಮೀರದ ಭೂಕಂಪದಲ್ಲಿ ಮರದ ಚೌಕಟ್ಟಿನ ನಡುವೆ ಕಲ್ಲು ಮಣ್ಣು ತುಂಬಿದ ಧಜ್ಜಿ ದೀವಾರಿ ಮನೆಗಳು ಕಲ್ಲಿನ ಮನೆಗಳಿಗಿಂತ ಚೆನ್ನಾಗಿ ತಾಳಿಕೊಂಡವು. ಆಮೇಲೆ ಅಲ್ಲಿ ಮರುನಿರ್ಮಾಣಕ್ಕೂ ಆ ಪದ್ಧತಿಯನ್ನು ಒಪ್ಪಿದರು. ಇಂಗ್ಲೆಂಡಿನ ಹಳ್ಳಿಗಳ ಹಳೆಯ ಪಬ್ಬುಗಳೂ ಇದೇ ತತ್ವದ ಮೇಲೆ ನಿಂತಿವೆ. ಓಕ್ ಮರದ ಕಂಬ, ತೊಲೆ, ಅವುಗಳ ನಡುವೆ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು. ಭಾರವೆಲ್ಲ ಮರದ ಮೇಲೆ, ಗೋಡೆ ಬರೀ ತುಂಬುವ ವಸ್ತು. ಒಂದು ವ್ಯತ್ಯಾಸ ಮುಖ್ಯ. ಅವರ ಬಡಗಿಗಳು ಕಂಬ ತೊಲೆ ಕೂಡುವ ಮೂಲೆಗೆ ಓರೆ ಆನಿಕೆ ಕೊಟ್ಟು, ಮರದ ಗೂಟ ಜಡಿದು ಕೀಲು ಬಿಗಿದರು. ನಮ್ಮಲ್ಲಿ ತೊಲೆ ಬೋದಿಗೆಯ ಮೇಲೆ ತನ್ನ ಭಾರದಿಂದಲೇ ಕೂತಿರುತ್ತದೆ. ಮೇಲಿನಿಂದ ಬರುವ ಭಾರಕ್ಕೆ ಅದು ಸಾಕು, ಅಡ್ಡಕ್ಕೆ ಬರುವ ಅಲುಗಾಟಕ್ಕೆ ಸಾಲದು. ನಮ್ಮ ಕಂಬದ ಮನೆಯೂ ಪೂರ್ತಿ ಸುರಕ್ಷಿತ ಎನ್ನುವಂತಿಲ್ಲ.

ಇಂಗ್ಲೆಂಡಿನವರು ಅಂಥ ಕಟ್ಟಡಗಳನ್ನು ಹೇಗೆ ಉಳಿಸಿಕೊಂಡರು ಎಂಬುದೂ ಕಲಿಯತಕ್ಕ ವಿಷಯ. 1947ರ ಕಾನೂನಿನಿಂದ ಬೆಳೆದ ಪಟ್ಟಿಯಲ್ಲಿ ಇವತ್ತು ಅಲ್ಲಿ 3.7 ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಅರಮನೆ, ಚರ್ಚುಗಳ ಜೊತೆ ರೈತನ ಮನೆ, ಕಣಜ, ಪಬ್ಬು ಎಲ್ಲವೂ ಅದರಲ್ಲಿವೆ. ಪಟ್ಟಿಗೆ ಸೇರಿದ ಕಟ್ಟಡವನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಲಂಡನ್ನಿನ ಸದಕ್‌ನಲ್ಲಿ 1677ರಲ್ಲಿ ಮತ್ತೆ ಕಟ್ಟಿದ ಜಾರ್ಜ್ ಇನ್, ಮರದ ಮೊಗಸಾಲೆಗಳ ಸಮೇತ ಇಂದಿಗೂ ಗಿರಾಕಿಗಳಿಂದ ತುಂಬಿದೆ. ಆದರೆ ಕಾನೂನಿನ ಬಲೆ ಎಲ್ಲವನ್ನೂ ಹಿಡಿಯುವುದಿಲ್ಲ. ಸ್ಟಾಫರ್ಡ್‌ಶೈರಿನ ಕ್ರೂಕೆಡ್ ಹೌಸ್ ಎಂಬ ಹದಿನೆಂಟನೆಯ ಶತಮಾನದ ಇಟ್ಟಿಗೆಯ ಪಬ್ಬು ಆ ಪಟ್ಟಿಯಲ್ಲಿರಲಿಲ್ಲ. 2023ರ ಆಗಸ್ಟಿನಲ್ಲಿ ಅದಕ್ಕೆ ಬೆಂಕಿ ಬಿತ್ತು, ಎರಡು ದಿನದಲ್ಲಿ ಉಳಿದದ್ದನ್ನೂ ನೆಲಸಮ ಮಾಡಲಾಯಿತು. ಊರವರ ಆಕ್ರೋಶದ ನಡುವೆ ಸ್ಥಳೀಯ ಆಡಳಿತ 2024ರಲ್ಲಿ ಮರಳಿ ಕಟ್ಟುವಂತೆ ಆದೇಶ ಹೊರಡಿಸಿತು. ಅಲ್ಲದೆ ಪಬ್ಬಿಗೆ ವ್ಯಾಪಾರವಿದೆ, ದುರಸ್ತಿಯ ಖರ್ಚು ಅದರಿಂದಲೇ ಹುಟ್ಟುತ್ತದೆ. ನಮ್ಮ ಮಾಳಿಗೆ ಮನೆ ಯಾರಿಗೂ ದುಡಿದು ಕೊಡುವುದಿಲ್ಲ. ಅಲ್ಲಿಯ ಕಾನೂನನ್ನು ಇಲ್ಲಿಗೆ ತಂದು ರೈತನ ಕೈ ಕಟ್ಟಿದರೆ ಅದು ಅನ್ಯಾಯವಾದೀತು.

ಅಲ್ಲಿಂದ ಎರವಲು ತರಬೇಕಾದ ಪಾಠ ಬೇರೊಂದಿದೆ. ಕಳೆದ ಶತಮಾನದಲ್ಲಿ ಅಲ್ಲಿ ಮರದ ಚೌಕಟ್ಟಿನ ಗೋಡೆಗಳಿಗೆ ಗಟ್ಟಿಯಾಗಲೆಂದು ಸಿಮೆಂಟು ಬಳಿದರು. ಒಳಗೆ ಸೇರಿದ ತೇವ ಹೊರಬರಲಾರದೆ ಮರ ಕೊಳೆಯಿತು. ಈಗ ಆ ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆ ಬಳಿಯುತ್ತಿದ್ದಾರೆ. ನಮ್ಮಲ್ಲಿ ಅದೇ ತಪ್ಪು ಈಗ ನಡೆಯುತ್ತಿದೆ. ಹಳೆಯ ಮನೆಯ ನೆಲವನ್ನು ಎತ್ತರಿಸಿ ಕಾಂಕ್ರೀಟು ಸುರಿಯುತ್ತಾರೆ, ಅದರ ಮೇಲೆ ಟೈಲ್ಸ್ ಹಾಸುತ್ತಾರೆ. ಅಡಿಗಲ್ಲು ಮುಚ್ಚಿಹೋಗಿ ಕಂಬದ ಬುಡ ಕಾಂಕ್ರೀಟಿನಲ್ಲಿ ಹುದುಗುತ್ತದೆ. ನೆಲದ ತೇವ ಕಲ್ಲಿನ ತಡೆಯಿಲ್ಲದೆ ಮರಕ್ಕೇರುತ್ತದೆ, ಗೆದ್ದಲಿಗೆ ಗುಟ್ಟಾದ ದಾರಿ ಸಿಗುತ್ತದೆ. ಮೇಲಿನಿಂದ ಬಣ್ಣ ಹೊಳೆಯುತ್ತಿರುವ ಕಂಬದ ಬುಡಕ್ಕೆ ಮೊಳೆ ಚುಚ್ಚಿದರೆ ಹಿಟ್ಟಿನೊಳಗೆ ಇಳಿದಂತೆ ಇಳಿಯುತ್ತದೆ. ಇಂಥ ಮನೆ ಬಿದ್ದಾಗ ಮಾಳಿಗೆಯನ್ನು ಬೈಯುತ್ತೇವೆ. ಅದನ್ನು ಕೊಂದದ್ದು ಅರೆಬರೆ ಸುಧಾರಣೆ.

ಹೊಸ ಮನೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಚೆನ್ನಾಗಿ ಕಟ್ಟಿದ ಕಾಂಕ್ರೀಟ್ ಮನೆ ಮಳೆಗೆ, ಹುಳಹುಪ್ಪಟೆಗೆ, ಭೂಕಂಪಕ್ಕೆ ಮಾಳಿಗೆ ಮನೆಗಿಂತ ಎಷ್ಟೋ ಮೇಲು, ಇದರಲ್ಲಿ ಅನುಮಾನವಿಲ್ಲ. ಆದರೆ ಹಳ್ಳಿಯಲ್ಲಿ ಏಳುತ್ತಿರುವ ಮನೆಗಳೆಲ್ಲ ಅಂಥವಲ್ಲ. ಕಪ್ಪು ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಗಟ್ಟಿ ನೆಲ ಸಿಗುವ ತನಕ ತೋಡದೆ ಹಾಕಿದ ಬುನಾದಿಯ ಮೇಲೆ ಗೋಡೆ ಬೇಗನೆ ಸೀಳುತ್ತದೆ. ಸಾಕಷ್ಟು ನೀರುಣಿಸದ ಸ್ಲ್ಯಾಬು ಸೋರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಚಕ್ಕೆಯೇಳುತ್ತದೆ. ದುಡ್ಡು ಸಾಲದೆ ಸ್ಲ್ಯಾಬಿನ ಬದಲು ತಗಡು ಹೊದಿಸಿದ ಮನೆಯಲ್ಲಿ ಮೇ ತಿಂಗಳು ಕಳೆಯುವುದು ಶಿಕ್ಷೆ. ಮಾಳಿಗೆಯ ಮನೆ ಬಿಟ್ಟು ಹೊಸ ಮನೆ ಸೇರಿದ ಎಷ್ಟೋ ಮುದುಕರು ಮಧ್ಯಾಹ್ನದ ಹೊತ್ತು ಹಳೆಯ ಮನೆಯ ಪಡಸಾಲೆಗೇ ಹೋಗಿ ಮಲಗುತ್ತಾರೆ.

ನೆರೆಯ ವಿಷಯಕ್ಕೆ ಬಂದರೆ ತಕ್ಕಡಿ ಹೊಸ ಮನೆಯ ಕಡೆ ವಾಲುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಕೆಸರಿನಲ್ಲಿ ಕಟ್ಟಿದ ಗೋಡೆಗಳು ಬುಡ ನೆನೆದು ಕರಗಿದವು. ದಿನಗಟ್ಟಲೆ ನಿಂತ ನೀರನ್ನು ಮಣ್ಣು ತಾಳಲಾರದು. ದಂಡೆಯ ಊರುಗಳಲ್ಲಿ ಎತ್ತರದ ಜಾಗದಲ್ಲಿ ಪಕ್ಕಾ ಮನೆ ಬೇಕೆನ್ನುವುದಕ್ಕೆ ಎದುರು ಮಾತಿಲ್ಲ.

ಸರ್ಕಾರದ ನೀತಿಯೂ ಒಂದು ಕಡೆಗೇ ತಳ್ಳುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯಲ್ಲಿ ಮನೆಗೆ 1.20 ಲಕ್ಷ ರೂಪಾಯಿ ಕೊಡುತ್ತದೆ, ಕನಿಷ್ಠ 25 ಚದರ ಮೀಟರ್ ಮನೆ ಕಟ್ಟಬೇಕು. ತಲೆಯ ಮೇಲೆ ಸೂರಿಲ್ಲದವರಿಗೆ ಇದು ದೊಡ್ಡ ಆಸರೆ. ಆದರೆ ಗಟ್ಟಿಮುಟ್ಟಾದ ಹಳೆಯ ಚೌಕಟ್ಟನ್ನು ಉಳಿಸಿ ಮಣ್ಣು ಇಳಿಸುತ್ತೇನೆ, ಗೋಡೆ ಕಟ್ಟುತ್ತೇನೆ ಎನ್ನುವವನಿಗೆ ಈ ಯೋಜನೆಯಲ್ಲಿ ಬಿಡಿಗಾಸಿಲ್ಲ. ಇತ್ತ 1961ರ ಕರ್ನಾಟಕದ ಪ್ರಾಚೀನ ಸ್ಮಾರಕಗಳ ಕಾಯ್ದೆ ಗುಡಿ, ಕೋಟೆ, ಗುಂಬಜುಗಳ ಕಾವಲಿಗಿದೆ, ಜನ ಬದುಕುವ ಮನೆಯ ಕಡೆ ಅದರ ಕಣ್ಣಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲು, ಮುಧೋಳದ ದರ್ಬಾರು ಸಭಾಂಗಣಗಳು ಬಿಚ್ಚಿ ತಂದು ಮತ್ತೆ ಜೋಡಿಸಿದ ರೂಪದಲ್ಲಿ ನಿಂತಿವೆ. ಅದು ಪುಣ್ಯದ ಕೆಲಸ. ಆದರೆ ಮನೆ ಉಳಿಯಲು ಊರು ಬಿಡಬೇಕಾಯಿತಲ್ಲ ಎಂಬ ನೋವೂ ಅಲ್ಲಿದೆ.

ಕಿಲ್ಲಾರಿಯ ನಂತರದ ಅನುಭವ ಎರಡೂ ಪಕ್ಷಗಳಿಗೆ ಎಚ್ಚರಿಕೆ ಹೇಳುತ್ತದೆ. ವಿಶ್ವಬ್ಯಾಂಕಿನ ನೆರವಿನಿಂದ ಐವತ್ತರ ಆಸುಪಾಸು ಊರುಗಳನ್ನೇ ಬೇರೆಡೆ ಕಟ್ಟಿದರು. ಸಾಲುಸಾಲು ಮನೆ, ನೇರ ರಸ್ತೆ. ಪಡಸಾಲೆ, ಅಂಗಳ, ದನದ ಜಾಗಕ್ಕೆ ಒಗ್ಗಿದ್ದ ಜನ ಅಲ್ಲಿ ಬೇರೂರಲು ವರ್ಷಗಳೇ ಬೇಕಾದವು. ಇನ್ನೊಂದು ಕಡೆ, ಹಳೆಯ ಮನೆಯನ್ನು ಬಲಪಡಿಸಲು ಹಣ ಪಡೆದವರಲ್ಲಿ ಬಹಳ ಮಂದಿ ಅದರಿಂದ ಪಕ್ಕದಲ್ಲೇ ಒಂದು ಹೊಸ ಕೋಣೆ ಕಟ್ಟಿಕೊಂಡರು. ಸತ್ತವರನ್ನು ಕಣ್ಣಾರೆ ಕಂಡವರಿಗೆ ಕಲ್ಲಿನ ಗೋಡೆಯ ಮೇಲೆ ನಂಬಿಕೆ ಮರಳಲಿಲ್ಲ. ಉಳಿಸಿರಿ ಎಂದು ಹೇಳುವವರು ಆ ಭಯವನ್ನು ಗೌರವಿಸಬೇಕು.

ಎರಡೂ ಕಡೆಯ ಕಾರಣಗಳನ್ನು ತೂಗಿದಾಗ ನನಗೆ ಕಾಣುವ ತೀರ್ಪು ಇದು. ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ಊರಿಗೆಲ್ಲ ಒಂದೇ ಉತ್ತರ ಇರಲು ಸಾಧ್ಯವಿಲ್ಲ. ಪ್ರತಿ ಮನೆಯಲ್ಲೂ ಕೇಳಬೇಕಾದ್ದು ಭಾರವನ್ನು ಯಾರು ಹೊತ್ತಿದ್ದಾರೆ, ಕಂಬವೋ ಗೋಡೆಯೋ ಎಂದು. ಕೆಸರು ಕಲ್ಲಿನ ಗೋಡೆಯ ಮೇಲೆ ನೇರವಾಗಿ ಕೂತ ಮಾಳಿಗೆ, ಅದರಲ್ಲೂ ಗೋಡೆಯ ಹೊಟ್ಟೆ ಉಬ್ಬಿದ್ದರೆ, ಮಳೆಗಾಲದ ಮೊದಲು ಇಳಿಯಬೇಕು. ಅಲ್ಲಿ ಪರಂಪರೆಯ ಮಾತು ಆಡುವುದು ಪ್ರಾಣದ ಜೊತೆ ಆಟವಾಡಿದಂತೆ. ದಂಡೆಯ ಊರುಗಳಲ್ಲೂ ಹಾಗೆಯೇ. ಆದರೆ ಕಂಬದ ಮೇಲೆ ನಿಂತ, ಬುಡ ಒಣಗಿರುವ, ಕಟ್ಟಿಗೆ ಗಟ್ಟಿಯಿರುವ ಮನೆಯನ್ನು ಬಿಚ್ಚುವುದು ದುಡುಕು. ಅಂಥ ಮನೆಗೆ ಬೇಕಾದ್ದು ದುರಸ್ತಿ. ಮಾಳಿಗೆಯ ಮಣ್ಣನ್ನು ಏಳೆಂಟು ಇಂಚಿಗೆ ಇಳಿಸಿ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಭಾರವೂ ಸೋರಿಕೆಯೂ ಒಟ್ಟಿಗೆ ತಗ್ಗುತ್ತವೆ. ಕಂಬ ತೊಲೆ ಕೂಡುವಲ್ಲಿ ಓರೆ ಆನಿಕೆ ಕೊಟ್ಟು ಕಬ್ಬಿಣದ ಪಟ್ಟಿ ಬಿಗಿಯಬೇಕು. ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳನ್ನು ಅಲ್ಲಲ್ಲಿ ಸೇರಿಸಬೇಕು. ದಪ್ಪ ಕಲ್ಲಿನ ಗೋಡೆಯನ್ನು ಮೇಲಿನರ್ಧ ತೆಗೆದು ಹಗುರ ಇಟ್ಟಿಗೆಯಲ್ಲಿ ಕಟ್ಟಿ ದೊಡ್ಡ ಕಿಟಕಿ ಇಟ್ಟರೆ ಬೆಳಕು, ಗಾಳಿ ಎರಡೂ ಬರುತ್ತವೆ. ಕಂಬ ಹೊತ್ತ ಮನೆಯಲ್ಲಿ ಹೀಗೆ ಗೋಡೆ ಬದಲಿಸಲು ಮಾಳಿಗೆ ಮುಟ್ಟಬೇಕಾಗಿಲ್ಲ. ಅಡುಗೆಮನೆ, ಬಚ್ಚಲನ್ನು ಹಿಂದೆ ಹೊಸದಾಗಿ ಕಟ್ಟಿ ಮುಂದಿನ ಪಡಸಾಲೆ, ನಡುಮನೆ ಉಳಿಸಿಕೊಳ್ಳುವುದು ಅತ್ತೆ ಸೊಸೆ ಇಬ್ಬರೂ ಒಪ್ಪಬಹುದಾದ ದಾರಿ.

ಇದಕ್ಕೆ ಮನೆಯವರ ಮನಸ್ಸು ಮಾತ್ರ ಸಾಲದು. ವಸತಿ ಯೋಜನೆಗಳಲ್ಲಿ ಹೊಸ ಮನೆಯ ಜೊತೆ ಹಳೆಯ ಚೌಕಟ್ಟಿನ ದುರಸ್ತಿಗೂ ಹಣ ಸಿಗುವಂತಾಗಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈ ಮೂರು ತಾಲ್ಲೂಕುಗಳಲ್ಲಿ ತಲಾ ಒಂದು ಊರನ್ನು ಆರಿಸಿಕೊಂಡು ಇಂಥ ದುರಸ್ತಿಯನ್ನು ಮಾಡಿ ತೋರಿಸಬಹುದು. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯದವರು ಬೇಸಿಗೆಯಲ್ಲಿ ಹಳ್ಳಿಗೆ ಬಂದು ಯಾವ ಮನೆ ಕಂಬದ್ದು, ಯಾವುದು ಗೋಡೆಯದು ಎಂದು ಗುರುತಿಸಿ, ಅಳತೆ ಬರೆದಿಟ್ಟರೂ ಸಾಕು. ಬಿಚ್ಚಲೇಬೇಕಾದ ಮನೆಯ ನೆನಪಾದರೂ ಕಾಗದದ ಮೇಲೆ ಉಳಿಯುತ್ತದೆ.

ಓದುಗರಲ್ಲಿ ಮಾಳಿಗೆ ಮನೆ ಇರುವವರಿಗೆ ಒಂದು ಬಿನ್ನಹ. ಮುಂದಿನ ರೋಹಿಣಿ ಮಳೆಯೊಳಗೆ ಮೂರು ಕೆಲಸ ಮಾಡಿ. ಮಾಳಿಗೆಯ ಮಣ್ಣು ಎಷ್ಟು ದಪ್ಪವಿದೆ ಎಂದು ಒಂದು ಕಡೆ ಅಗೆದು ಅಳೆಯಿರಿ. ಪ್ರತಿ ಕಂಬದ ಬುಡಕ್ಕೂ ಮೊಳೆ ಚುಚ್ಚಿ ನೋಡಿ. ತೊಲೆಯ ತುದಿ ಕಂಬದ ಮೇಲಿದೆಯೋ ಗೋಡೆಯ ಮೇಲಿದೆಯೋ ಎಂದು ಮೇಲೆ ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಗೌಂಡಿಯ ಜೊತೆ ಒಬ್ಬ ಹಿರಿಯ ಬಡಿಗೇರರನ್ನೂ ಕರೆಸಿ ಅವರ ಮಾತು ಕೇಳಿ. ಬಿಚ್ಚುವುದಾದರೂ ಉಳಿಸುವುದಾದರೂ ನಿರ್ಧಾರ ಅದಾದ ಮೇಲೆ ಆಗಲಿ.